ಲಂಡನ್‌ನಿಂದ ಸಿಡ್ನಿಗೆ: ಸಿಂಗಾಪುರವೋ, ದುಬೈಯೋ, ಪರ್ತೋ?

ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ಸಿಡ್ನಿಯ ಕಿಂಗ್ಸ್‌ಫರ್ಡ್ ಸ್ಮಿತ್ ನಿಲ್ದಾಣಕ್ಕೆ ಎಷ್ಟು ದೂರ ಅಂತ ಹುಡುಕಿದರೆ ಸುಮಾರು 17,016 ಕಿ.ಮೀ. ಎಂಬ ಉತ್ತರ ಸಿಗುತ್ತದೆ. ಉತ್ತರ ಸರಿಯಾಗಿದೆ. ಆದರೆ ಅದನ್ನು ಇಟ್ಟುಕೊಂಡು ಟಿಕೆಟ್ ತೆಗೆಯಲು ಆಗುವುದಿಲ್ಲ. ಇಷ್ಟು ದೂರವನ್ನು ಎಲ್ಲೂ ಇಳಿಯದೆ ಹಾರುವ ಪ್ರಯಾಣಿಕ ವಿಮಾನ ನಾನಿದನ್ನು ಬರೆಯುವ ಹೊತ್ತಿಗೆ ಇನ್ನೂ ಶುರುವಾಗಿಲ್ಲ. ಎಲ್ಲೋ ಒಂದು ಕಡೆ ಇಳಿಯಲೇಬೇಕು. ಎಲ್ಲಿ ಇಳಿಯಬೇಕು ಅನ್ನುವುದೇ ನಿಜವಾದ ಪ್ರಶ್ನೆ.

ಟಿಕೆಟ್ ಹುಡುಕಲು ಕೂತವರು ಸಾಮಾನ್ಯವಾಗಿ ಎರಡು ವಿಷಯ ನೋಡುತ್ತಾರೆ, ದರ ಮತ್ತು ಒಟ್ಟು ಸಮಯ. ಎರಡೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಇಷ್ಟು ದೊಡ್ಡ ಪ್ರಯಾಣದಲ್ಲಿ ಮೈ ಹಣ್ಣಾಗುವುದೋ ಇಲ್ಲವೋ ಅನ್ನುವುದನ್ನು ನಿರ್ಧರಿಸುವುದು ಮೂರನೆಯದು: ದಾರಿ ಎಲ್ಲಿ ತುಂಡಾಗುತ್ತದೆ, ಉದ್ದದ ತುಂಡು ಮೊದಲು ಬರುತ್ತದೋ ಕೊನೆಗೋ. ಇದನ್ನು ಯಾವ ಬುಕಿಂಗ್ ಸೈಟೂ ದೊಡ್ಡಕ್ಷರದಲ್ಲಿ ತೋರಿಸುವುದಿಲ್ಲ. ಹಾಗಾಗಿ ಇದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಮೊದಲು ಕಿಲೋಮೀಟರ್ ಲೆಕ್ಕ

17,016 ಅನ್ನುವುದು ಭೂಮಿಯ ಗೋಳದ ಮೇಲೆ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ಸಿಗುವ ದೂರ. ಗೋಡೆಯ ಮೇಲಿನ ನಕ್ಷೆಯಲ್ಲಿ ನೋಡಿದರೆ ಲಂಡನ್‌ನಿಂದ ಸಿಡ್ನಿಗೆ ಆಗ್ನೇಯ ದಿಕ್ಕಿಗೆ, ಅರಬ್ ದೇಶಗಳ ಮೇಲೆ, ಹಿಂದೂ ಮಹಾಸಾಗರ ದಾಟಿ ಹೋಗಬೇಕು ಅನಿಸುತ್ತದೆ. ಗೋಳದ ಮೇಲೆ ಹಾಗಲ್ಲ. ಅತಿ ಹತ್ತಿರದ ದಾರಿ ಲಂಡನ್ ಬಿಟ್ಟ ಕೂಡಲೇ ಈಶಾನ್ಯಕ್ಕೆ ತಿರುಗುತ್ತದೆ. ರಷ್ಯಾದ ಮೇಲೆ ಹಾದು, ಚೀನಾ ದಾಟಿ, ಹೆಚ್ಚು ಕಡಿಮೆ ಹಾಂಗ್‌ಕಾಂಗ್‌ನ ನೆತ್ತಿಯ ಮೇಲಿಂದಲೇ ದಕ್ಷಿಣಕ್ಕೆ ಇಳಿಯುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ಯಾವ ಎರಡು ಜಾಗಗಳ ನಡುವೆಯೂ 20,000ಕ್ಕಿಂತ ಜಾಸ್ತಿ ದೂರ ಇರಲು ಸಾಧ್ಯವಿಲ್ಲ. ನಾವು ಮಾತಾಡುತ್ತಿರುವುದು ಅದರಲ್ಲಿ ನೂರಕ್ಕೆ 85 ಭಾಗದಷ್ಟು ದೂರದ ಬಗ್ಗೆ.

ಈಗ ನಡುವೆ ಇಳಿಯುವ ಊರುಗಳನ್ನು ಸೇರಿಸಿ ನೋಡೋಣ. ಎಲ್ಲವೂ ಗೋಳದ ಮೇಲಿನ ದೂರ, ಹತ್ತಿರದ ಅಂಕಿಗೆ ಸರಿಮಾಡಿದ್ದು.

ಹಾಂಗ್‌ಕಾಂಗ್ ಮೂಲಕ: 9,640 + 7,380, ಒಟ್ಟು ಸುಮಾರು 17,020 ಕಿ.ಮೀ.
ಶಾಂಘೈ ಮೂಲಕ: ಸುಮಾರು 17,100
ಸಿಂಗಾಪುರ ಮೂಲಕ: 10,880 + 6,290, ಸುಮಾರು 17,170
ದುಬೈ ಮೂಲಕ: 5,500 + 12,040, ಸುಮಾರು 17,540
ದೋಹಾ ಮೂಲಕ: 5,240 + 12,370, ಸುಮಾರು 17,610
ಪರ್ತ್ ಮೂಲಕ: 14,500 + 3,280, ಸುಮಾರು 17,780
ಲಾಸ್ ಏಂಜಲೀಸ್ ಮೂಲಕ: 8,780 + 12,050, ಸುಮಾರು 20,830

ಕೊನೆಯದನ್ನು ಬಿಟ್ಟರೆ ಉಳಿದ ಎಲ್ಲವೂ ನೂರಕ್ಕೆ ಐದರೊಳಗಿನ ಸುತ್ತು. ಪರ್ತ್ ದಾರಿಗೂ ನೇರ ದಾರಿಗೂ ಬರೀ ಏಳೆಂಟು ನೂರು ಕಿಲೋಮೀಟರ್ ವ್ಯತ್ಯಾಸ, ವಿಮಾನಕ್ಕೆ ಅದು ಒಂದು ಗಂಟೆಯೂ ಅಲ್ಲ. ಹಾಗಾಗಿ 'ಯಾವುದು ಹತ್ತಿರ' ಅನ್ನುವ ಪ್ರಶ್ನೆಯನ್ನು ಇಲ್ಲಿಗೇ ಬಿಟ್ಟುಬಿಡಬಹುದು.

ಸಮಯದ ಲೆಕ್ಕ

ದೊಡ್ಡ ಜೆಟ್ ವಿಮಾನಗಳು ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹೋಗುತ್ತವೆ. ದೂರವನ್ನು 900ರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿದರೆ ಒಂದು ಅಂದಾಜು ಬರುತ್ತದೆ. 17,016ಕ್ಕೆ ಹೀಗೆ ಮಾಡಿದರೆ ಹತ್ತೊಂಬತ್ತೂವರೆ ಗಂಟೆಯ ಹತ್ತಿರ. 2019ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಸ್ ಪರೀಕ್ಷೆಗಾಗಿ ಬೋಯಿಂಗ್ 787-9 ಒಂದನ್ನು ಐವತ್ತರಷ್ಟು ಜನರನ್ನು ಮಾತ್ರ ಕೂರಿಸಿ ಲಂಡನ್‌ನಿಂದ ಸಿಡ್ನಿಗೆ ನಿಲ್ಲಿಸದೆ ಹಾರಿಸಿತ್ತು. ಅದಕ್ಕೆ ಹಿಡಿದಿದ್ದು 19 ಗಂಟೆ 19 ನಿಮಿಷ. ಅಂದಾಜು ಎಷ್ಟು ಹತ್ತಿರ ಇದೆ ನೋಡಿ.

ನಡುವೆ ಇಳಿದು ಹೋದರೆ ಲಂಡನ್‌ನಿಂದ ಸಿಡ್ನಿ ಕಡೆಗೆ ಹೀಗಾಗುತ್ತದೆ. ಸಿಂಗಾಪುರದವರೆಗೆ ಹದಿಮೂರು, ಹದಿಮೂರೂವರೆ ಗಂಟೆ, ಅಲ್ಲಿಂದ ಸಿಡ್ನಿಗೆ ಎಂಟು ಗಂಟೆಗೆ ಸ್ವಲ್ಪ ಕಡಿಮೆ. ದುಬೈವರೆಗೆ ಏಳು ಗಂಟೆ, ಅಲ್ಲಿಂದ ಹದಿನಾಲ್ಕು. ಪರ್ತ್‌ವರೆಗೆ ಹದಿನೇಳಕ್ಕೆ ಸ್ವಲ್ಪ ಕಡಿಮೆ, ಅಲ್ಲಿಂದ ನಾಲ್ಕು ಚಿಲ್ಲರೆ. ಕೂಡಿ ನೋಡಿ: ಮೂರರಲ್ಲೂ ಗಾಳಿಯಲ್ಲಿರುವ ಸಮಯ ಹೆಚ್ಚು ಕಡಿಮೆ 21 ಗಂಟೆಯೇ! ಸೈಟಿನಲ್ಲಿ ಒಂದಕ್ಕೆ 23 ಗಂಟೆ, ಇನ್ನೊಂದಕ್ಕೆ 29, ಮತ್ತೊಂದಕ್ಕೆ 35 ಅಂತ ಕಂಡರೆ ಆ ವ್ಯತ್ಯಾಸ ಪೂರ್ತಿ ನೆಲದ ಮೇಲಿನ ಕಾಯುವಿಕೆಯದ್ದು, ಹಾರಾಟದ್ದಲ್ಲ. ಹಾಗಾಗಿ 'ದುಬೈ ದಾರಿ ನಿಧಾನ' ಅಂತ ಯಾರಾದರೂ ಹೇಳಿದರೆ, ಅವರು ಹೋದ ದಿನದ ಕನೆಕ್ಷನ್ ನಿಧಾನ ಇತ್ತು ಅಂತ ಅರ್ಥ, ಅಷ್ಟೇ.

ವಾಪಸ್ ಬರುವಾಗ ಇನ್ನೊಂದು ಗಂಟೆಯಾದರೂ ಸೇರಿಸಿಕೊಳ್ಳಬೇಕು. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿಯ ಪಟ್ಟಿಗಳಿವೆ, ಜೆಟ್ ಸ್ಟ್ರೀಮ್ ಅನ್ನುತ್ತಾರಲ್ಲ, ಅದೇ. ಸಿಡ್ನಿಗೆ ಹೋಗುವಾಗ ಅದು ಹಿಂದಿನಿಂದ ತಳ್ಳುತ್ತದೆ, ಲಂಡನ್‌ಗೆ ಬರುವಾಗ ಎದುರಿಗೆ ಸಿಗುತ್ತದೆ. ಸಿಡ್ನಿಯಿಂದ ಪರ್ತ್‌ಗೆ ಐದು ಗಂಟೆ, ಪರ್ತ್‌ನಿಂದ ಸಿಡ್ನಿಗೆ ನಾಲ್ಕು ಚಿಲ್ಲರೆ. ಒಂದೇ ದೇಶದೊಳಗೇ ಇಷ್ಟು ಫರಕು.

ಸಿಂಗಾಪುರ

ನನ್ನ ಮಟ್ಟಿಗೆ ಲಂಡನ್‌ನಿಂದ ಸಿಡ್ನಿಗೆ ಹೋಗುವಾಗ ಇದೇ ಮೊದಲ ಆಯ್ಕೆ. ಕಾರಣ ಸರಳ. ಹದಿಮೂರು ಗಂಟೆಯ ಉದ್ದದ ತುಂಡು ಮೊದಲೇ ಮುಗಿದುಹೋಗುತ್ತದೆ, ಮೈಯಲ್ಲಿ ಇನ್ನೂ ಕಸುವಿರುವಾಗ. ರಾತ್ರಿ ಹೀಥ್ರೂ ಬಿಟ್ಟರೆ ಊಟ ಮಾಡಿ ಒಂದು ನಿದ್ದೆ ಪೂರ್ತಿ ತೆಗೆಯುವಷ್ಟು ಹೊತ್ತು ಸಿಗುತ್ತದೆ. ಸಿಂಗಾಪುರದಲ್ಲಿ ಇಳಿದು ಕಾಲು ಆಡಿಸಿ ಮತ್ತೆ ಹತ್ತಿದರೆ ಉಳಿದದ್ದು ಎಂಟೇ ಗಂಟೆ. ಸುಸ್ತಾಗಿರುವಾಗ ಎಂಟು ಗಂಟೆ ಉಳಿದಿದೆ ಅನ್ನುವುದಕ್ಕೂ ಹದಿನಾಲ್ಕು ಉಳಿದಿದೆ ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ, ಇದು ಕೂತವರಿಗೇ ಗೊತ್ತು.

ಇಲ್ಲಿ ಆಯ್ಕೆಯೂ ಜಾಸ್ತಿ. ಸಿಂಗಾಪುರ್ ಏರ್‌ಲೈನ್ಸ್ ಇದೆ, ಬ್ರಿಟಿಷ್ ಏರ್‌ವೇಸ್ ಇದೆ, ಕ್ವಾಂಟಸ್‌ನ ಎ380 ವಿಮಾನ ಇದೆ. ಕ್ವಾಂಟಸ್ ಮತ್ತು ಬ್ರಿಟಿಷ್ ಏರ್‌ವೇಸ್‌ಗಳದ್ದು ಲಂಡನ್‌ನಿಂದ ಸಿಡ್ನಿಯವರೆಗೂ ಒಂದೇ ಫ್ಲೈಟ್ ನಂಬರು. ಅದನ್ನು ನೋಡಿ ವಿಮಾನದಲ್ಲೇ ಕೂತಿರಬಹುದು ಅಂದುಕೊಳ್ಳಬೇಡಿ, ಸಿಂಗಾಪುರದಲ್ಲಿ ಎಲ್ಲರೂ ಇಳಿಯಬೇಕು.

ಆ ಇಳಿಯುವಿಕೆ ಹೇಗಿರುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯದು. ಕೈಚೀಲ, ಲ್ಯಾಪ್‌ಟಾಪ್, ಮಕ್ಕಳ ಆಟಿಕೆ ಎಲ್ಲವನ್ನೂ ಬಾಚಿಕೊಂಡು ಇಳಿಯಬೇಕು, ಸೀಟಿನ ಜೇಬಿನಲ್ಲಿ ಏನೂ ಬಿಡಬಾರದು, ಒಳಗೆ ಕ್ಲೀನಿಂಗ್ ಆಗುತ್ತದೆ. ದೊಡ್ಡ ಲಗೇಜು ಮಾತ್ರ ತಾನೇ ಮುಂದೆ ಹೋಗುತ್ತದೆ. ಚಾಂಗಿ ನಿಲ್ದಾಣದ ಹಳೆಯ ಮೂರು ಟರ್ಮಿನಲ್‌ಗಳಲ್ಲಿ ಸೆಕ್ಯುರಿಟಿ ತಪಾಸಣೆ ಇರುವುದು ಗೇಟಿನ ಬಾಗಿಲಲ್ಲೇ. ಕಾರಿಡಾರಿನಲ್ಲಿ ಬಾಟಲಿಗೆ ನೀರು ತುಂಬಿಸಿಕೊಂಡು ಗೇಟಿಗೆ ಬಂದರೆ ಅದನ್ನು ಅಲ್ಲೇ ಚೆಲ್ಲಬೇಕಾಗುತ್ತದೆ. ಗೇಟಿನೊಳಗೆ ಒಮ್ಮೆ ಹೋದ ಮೇಲೆ ಅಂಗಡಿಗಳ ಕಡೆ ಸುಮ್ನೆ ಓಡಾಡಿ ಬರೋಣ ಅಂದರೆ ಮತ್ತೆ ತಪಾಸಣೆ. ಒಂದೂವರೆ ಗಂಟೆಯ ನಿಲುಗಡೆ ಅಂತ ಇದ್ದರೆ, ಇಳಿಯುವುದು, ನಡೆಯುವುದು, ಮತ್ತೆ ಸಾಲು ನಿಲ್ಲುವುದು ಎಲ್ಲ ಕಳೆದು ಕೈಗೆ ಸಿಗುವುದು ಹಲ್ಲುಜ್ಜಿ ಮುಖ ತೊಳೆಯುವಷ್ಟು ಹೊತ್ತು. ನನಗೆ ಅಷ್ಟು ಸಾಕು ಅನಿಸುತ್ತದೆ. ಆದರೆ ಮಕ್ಕಳಿದ್ದರೆ, ನಡೆಯಲು ಕಷ್ಟಪಡುವ ಹಿರಿಯರಿದ್ದರೆ, ಮೂರು ಗಂಟೆಯ ಕನೆಕ್ಷನ್ ಇರುವುದನ್ನೇ ಆರಿಸಿ.

ದುಬೈ, ದೋಹಾ

ಕೊಲ್ಲಿಯ ದಾರಿಗೆ ಒಂದು ದೊಡ್ಡ ಅನುಕೂಲ ಇದೆ: ವಿಮಾನಗಳ ಸಂಖ್ಯೆ. ಲಂಡನ್‌ನಿಂದ ದುಬೈಗೂ ದೋಹಾಕ್ಕೂ ದಿನಕ್ಕೆ ಹಲವು ಸಲ ವಿಮಾನಗಳಿವೆ, ಹೀಥ್ರೂ ಒಂದರಿಂದಲೇ ಅಲ್ಲ, ಗ್ಯಾಟ್‌ವಿಕ್‌ನಿಂದಲೂ. ಒಂದು ತಪ್ಪಿದರೆ ಇನ್ನೊಂದರಲ್ಲಿ ಕೂರಿಸುತ್ತಾರೆ. ಲಂಡನ್ ಬಿಟ್ಟು ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಂ, ಎಡಿನ್‌ಬರ್ಗ್ ಕಡೆಯವರಿಗಂತೂ ಇದೇ ಸುಲಭ. ಹೀಥ್ರೂವರೆಗೆ ಬಂದು ಅಲ್ಲಿಂದ ಸಿಂಗಾಪುರ, ಅಲ್ಲಿಂದ ಸಿಡ್ನಿ ಅಂತ ಎರಡು ಸಲ ಇಳಿಯುವ ಬದಲು ಒಂದೇ ಸಲ ಇಳಿದರೆ ಸಾಕು.

ತೊಂದರೆ ಏನೆಂದರೆ, ಸಿಡ್ನಿಗೆ ಹೋಗುವಾಗ ಉದ್ದದ ತುಂಡು ಕೊನೆಗೆ ಬರುತ್ತದೆ. ಏಳು ಗಂಟೆಯ ಮೊದಲ ಹಾರಾಟ ವಿಚಿತ್ರವಾದ ಅಳತೆ. ಎರಡು ಊಟ ಕೊಟ್ಟು ದೀಪ ಆರಿಸಿ ಮತ್ತೆ ಹಚ್ಚುವಷ್ಟರಲ್ಲಿ ನಾಲ್ಕು ಗಂಟೆ ನಿದ್ದೆ ಸಿಕ್ಕರೆ ಪುಣ್ಯ. ಆ ಅರೆನಿದ್ದೆಯಲ್ಲೇ ಎದ್ದು, ಬೆಳಕಿನಿಂದ ಕಣ್ಣು ಕುಕ್ಕುವ ಟರ್ಮಿನಲ್‌ನಲ್ಲಿ ಗೇಟು ಹುಡುಕಿ, ಆಮೇಲೆ ಹದಿನಾಲ್ಕು ಗಂಟೆ ಕೂರಬೇಕು. ಕೂತಲ್ಲಿ ನಿದ್ದೆ ಬರುವವರಿಗೆ ಇದು ಸಮಸ್ಯೆಯೇ ಅಲ್ಲ, ಎರಡನೇ ಹಾರಾಟ ಪೂರ್ತಿ ಮಲಗಿಬಿಡುತ್ತಾರೆ. ನಿದ್ದೆ ಬರದವರಿಗೆ ಹಿಂಸೆ.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಈ ಭಾಗದ ಆಕಾಶ ಆಗಾಗ ಮುಚ್ಚುತ್ತದೆ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವೆ ಕಾಳಗ ನಡೆದಾಗ ಹಲವು ದೇಶಗಳ ವಾಯುಪ್ರದೇಶ ಮುಚ್ಚಿತು, ಜೂನ್ 23ರಂದು ಕತಾರ್ ಕೂಡ ಕೆಲವು ಗಂಟೆ ಮುಚ್ಚಿ ದೋಹಾಕ್ಕೆ ಹೊರಟಿದ್ದ ವಿಮಾನಗಳು ಎಲ್ಲೆಲ್ಲೋ ಇಳಿದವು. ಇದಕ್ಕೆ ಹೆದರಿ ಈ ದಾರಿಯನ್ನೇ ಬಿಡಿ ಅಂತ ಹೇಳುತ್ತಿಲ್ಲ. ಆದರೆ ಮದುವೆ, ಪರೀಕ್ಷೆ, ಕೆಲಸಕ್ಕೆ ಸೇರುವ ದಿನ ಹೀಗೆ ತಪ್ಪಿಸುವಂತಿಲ್ಲದ ಕಾರಣಕ್ಕೆ ಹೋಗುತ್ತಿದ್ದರೆ ಟಿಕೆಟ್ ತೆಗೆಯುವ ಮುಂಚೆ ಆ ಭಾಗದ ಸುದ್ದಿ ನೋಡಿಕೊಳ್ಳಿ, ಎರಡು ದಿನ ಮುಂಚೆಯೇ ತಲುಪುವ ಹಾಗೆ ಹೊರಡಿ.

ಪರ್ತ್

2018ರ ಮಾರ್ಚ್‌ನಲ್ಲಿ ಕ್ವಾಂಟಸ್ ಪರ್ತ್ ಮತ್ತು ಲಂಡನ್ ನಡುವೆ ನಾನ್‌ಸ್ಟಾಪ್ ಶುರು ಮಾಡಿತು. ಆಸ್ಟ್ರೇಲಿಯಾದಿಂದ ಯುರೋಪಿಗೆ ಎಲ್ಲೂ ಇಳಿಯದ ಮೊದಲ ನಿತ್ಯದ ಹಾರಾಟ ಅದು. ಪರ್ತ್‌ಗೇ ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಸಿಡ್ನಿಗೆ ಹೋಗುವವರಿಗೆ? ಇಲ್ಲಿ ಸ್ವಲ್ಪ ಯೋಚಿಸಬೇಕು.

ಇದರ ಲಾಭ, ಉದ್ದದ ತುಂಡು ಒಂದೇ ಸಲಕ್ಕೆ ಮುಗಿಯುತ್ತದೆ, ಇಳಿದರೆ ಆಸ್ಟ್ರೇಲಿಯಾದಲ್ಲೇ ಇಳಿಯುತ್ತೀರಿ. ಮೂರನೇ ದೇಶದ ತಾಪತ್ರಯವೇ ಇಲ್ಲ. ಒಂದು ಟ್ರಾನ್ಸಿಟ್ ವೀಸಾ ಚಿಂತೆ ತಪ್ಪಿತು, ಒಂದು ದೇಶದ ವಾಯುಪ್ರದೇಶ ಮುಚ್ಚಿದರೆ ಅಲ್ಲಿ ಸಿಕ್ಕಿಕೊಳ್ಳುವ ಭಯ ತಪ್ಪಿತು. ಆದರೆ ಇಮಿಗ್ರೇಷನ್, ಕಸ್ಟಮ್ಸ್, ತಿಂಡಿ ಬೀಜ ಮರದ ಸಾಮಾನುಗಳ ತಪಾಸಣೆ ಎಲ್ಲವೂ ಪರ್ತ್‌ನಲ್ಲೇ ಆಗುತ್ತದೆ. ಹದಿನೇಳು ಗಂಟೆ ಕೂತು ಎದ್ದವರು ಆ ಸಾಲಿನಲ್ಲಿ ನಿಲ್ಲಬೇಕು. ಆಸ್ಟ್ರೇಲಿಯಾದವರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಚೀಲದಲ್ಲಿರುವ ತಿನ್ನುವ ವಸ್ತುವನ್ನು ಫಾರಂನಲ್ಲಿ ಬರೆಯದಿದ್ದರೆ ದಂಡ ಬೀಳುತ್ತದೆ, ಬರೆದು ತೋರಿಸಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ. ಪರ್ತ್ ನಿಲ್ದಾಣದಲ್ಲಿ ಟರ್ಮಿನಲ್‌ಗಳು ರನ್‌ವೇಯ ಎರಡು ಬದಿಗೆ ಹಂಚಿಹೋಗಿವೆ ಅನ್ನುವುದೂ ಗೊತ್ತಿರಲಿ. ಕ್ವಾಂಟಸ್‌ನ ಲಂಡನ್ ವಿಮಾನದಿಂದ ಇಳಿದು ಬೇರೆ ಕಂಪನಿಯ ಒಳದೇಶದ ವಿಮಾನ ಹಿಡಿಯುವುದಾದರೆ ಬಸ್ಸು ಹತ್ತಿ ಆ ಬದಿಗೆ ಹೋಗಬೇಕಾಗಬಹುದು. ಟಿಕೆಟ್ ಪೂರ್ತಿ ಕ್ವಾಂಟಸ್‌ನದೇ ಆದರೆ ಈ ಓಡಾಟ ಇಲ್ಲ. ಸಿಡ್ನಿಯಲ್ಲಿ ನೀವು ಇಳಿಯುವುದು ಒಳದೇಶದ ಪ್ರಯಾಣಿಕರಾಗಿ, ಹಾಗಾಗಿ ಅಲ್ಲಿ ಮತ್ತೆ ಸಾಲಿಲ್ಲ, ಚೀಲ ಹಿಡಿದು ನೇರ ಹೊರಗೆ.

ಸೀಟಿನ ಮಾತು. ಈ ದಾರಿಯ 787-9ನಲ್ಲಿ ಒಟ್ಟು 236 ಸೀಟು, ಎಕಾನಮಿಯಲ್ಲಿ ಮೂರು-ಮೂರು-ಮೂರರ ಸಾಲು. ನಡುವಿನ ಸೀಟಿನಲ್ಲಿ ಹದಿನೇಳು ಗಂಟೆ ಕೂರುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಈ ದಾರಿ ಆರಿಸಿದರೆ ಓಣಿಯ ಪಕ್ಕದ ಸೀಟಿಗೆ ದುಡ್ಡು ಕೊಟ್ಟಾದರೂ ಕೂರಿ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟು ಆಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಆರೋಗ್ಯವಂತರಿಗೆ ಒಟ್ಟಾರೆ ಅಪಾಯ ಸಣ್ಣದೇ, ಆರು ಸಾವಿರದಲ್ಲಿ ಒಬ್ಬರಿಗೆ. ಆದರೂ ಹಿಂದೆ ಹೀಗೆ ಆಗಿದ್ದವರು, ಗರ್ಭಿಣಿಯರು, ಈಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಪರ್ತ್ ದಾರಿಯನ್ನು ಬುಕ್ ಮಾಡಬೇಡಿ.

ಇನ್ನೊಂದು, ಇದು ಎಷ್ಟು ಅಂಚಿನಲ್ಲಿ ಹಾರುವ ದಾರಿ ಅನ್ನುವುದಕ್ಕೆ ಉದಾಹರಣೆ. 2024ರಲ್ಲಿ ಇರಾನ್ ಸುತ್ತಿನ ಆಕಾಶವನ್ನು ತಪ್ಪಿಸಬೇಕಾಗಿ ಬಂದಾಗ ದಾರಿ ಸ್ವಲ್ಪ ಉದ್ದವಾಯಿತು. ಪರ್ತ್‌ನಿಂದ ಲಂಡನ್‌ಗೆ, ಎದುರುಗಾಳಿಯಲ್ಲಿ, ಅಷ್ಟು ಜನರನ್ನು ಹೊತ್ತು ನಿಲ್ಲದೆ ಹೋಗಲು ಆಗದೆ ಕ್ವಾಂಟಸ್ ಕೆಲವು ಕಾಲ ಸಿಂಗಾಪುರದಲ್ಲಿ ಇಳಿಸಿ ಇಂಧನ ತುಂಬಿಸಿಕೊಂಡು ಹೋಗುತ್ತಿತ್ತು. ಲಂಡನ್‌ನಿಂದ ಪರ್ತ್ ಕಡೆಗೆ ಮಾತ್ರ ಗಾಳಿಯ ಸಹಾಯದಿಂದ ನಿಲ್ಲದೆಯೇ ಬರುತ್ತಿತ್ತು.

ಹಾಂಗ್‌ಕಾಂಗ್, ಚೀನಾ

ಗೋಳದ ಲೆಕ್ಕದಲ್ಲಿ ಅತಿ ಹತ್ತಿರ ಇವೇ. ಆದರೆ ಆ ಹತ್ತಿರದ ಗೆರೆ ರಷ್ಯಾದ ಮೇಲೆ ಹೋಗುತ್ತದೆ. 2022ರ ಫೆಬ್ರವರಿಯಿಂದ ಬ್ರಿಟನ್ನಿನ ವಿಮಾನಗಳಿಗೆ ರಷ್ಯಾದ ಆಕಾಶ ಬಂದ್. ಹಾಗಾಗಿ ಲಂಡನ್‌ನಿಂದ ಹಾಂಗ್‌ಕಾಂಗ್‌ಗೆ ಬ್ರಿಟಿಷ್ ವಿಮಾನದಲ್ಲಿ ಹೋದರೆ ದಕ್ಷಿಣಕ್ಕೆ ಸುತ್ತಿ ಹೋಗುತ್ತದೆ, ಮೊದಲಿಗಿಂತ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಚೀನಾದ ಕಂಪನಿಗಳಿಗೆ ಈ ನಿರ್ಬಂಧ ಇಲ್ಲ, ಅವು ಈಗಲೂ ರಷ್ಯಾದ ಮೇಲೆಯೇ ಹಾರುತ್ತವೆ. ಶಾಂಘೈ, ಗುವಾಂಗ್‌ಝೌ ಮೂಲಕ ಹೋಗುವ ಟಿಕೆಟ್‌ಗಳಲ್ಲಿ ಹಾರಾಟದ ಸಮಯ ಕಡಿಮೆ ಕಾಣುವುದಕ್ಕೆ ಇದೇ ಕಾರಣ, ದರವೂ ಎಷ್ಟೋ ಸಲ ಎಲ್ಲಕ್ಕಿಂತ ಕಡಿಮೆ ಇರುತ್ತದೆ.

ಈ ದಾರಿಯ ಇನ್ನೊಂದು ಒಳ್ಳೆಯ ಗುಣ, ಎರಡು ತುಂಡುಗಳೂ ಹೆಚ್ಚು ಕಡಿಮೆ ಸಮ. ಹನ್ನೊಂದರಿಂದ ಹದಿಮೂರು ಗಂಟೆ ಒಂದು, ಒಂಬತ್ತು ಹತ್ತು ಗಂಟೆ ಇನ್ನೊಂದು. ತುಂಬಾ ಉದ್ದದ ಹಾರಾಟ ಆಗಿಬರದವರಿಗೆ ಇದು ನಿಜವಾಗಿಯೂ ಹಿತ. ಆದರೆ ಅಗ್ಗದ ಟಿಕೆಟ್‌ನಲ್ಲಿ ಕನೆಕ್ಷನ್ ಹತ್ತು ಹದಿನೈದು ಗಂಟೆ ಇರುವುದು ಸಾಮಾನ್ಯ. ರಾತ್ರಿಯಿಡೀ ಕಾಯಬೇಕಾದರೆ ಹೊರಗೆ ಹೋಗಿ ಮಲಗಲು ನಿಮ್ಮ ಪಾಸ್‌ಪೋರ್ಟಿಗೆ ಅನುಮತಿ ಇದೆಯಾ, ಕಂಪನಿಯವರೇ ಹೋಟೆಲ್ ಕೊಡುತ್ತಾರಾ ಅಂತ ಮೊದಲೇ ಕೇಳಿ.

ಲಾಸ್ ಏಂಜಲೀಸ್ ಬಗ್ಗೆ ಎರಡೇ ಮಾತು. 3,800 ಕಿ.ಮೀ. ಸುತ್ತು. ಅಮೆರಿಕದಲ್ಲಿ ಇಳಿದು ಮುಂದೆ ಹೋಗುವವರೂ ಇಮಿಗ್ರೇಷನ್ ದಾಟಲೇಬೇಕು, ಹಾಗಾಗಿ ವೀಸಾ ಅಥವಾ ಎಸ್ಟಾ (ವೀಸಾ ಬೇಡದ ದೇಶಗಳವರು ಆನ್‌ಲೈನ್‌ನಲ್ಲಿ ಮೊದಲೇ ಪಡೆಯುವ ಅನುಮತಿ) ಬೇಕು. ಅಲ್ಲಿ ನಿಲ್ಲುವ ಆಸೆಯೇ ಇದ್ದರೆ ಮಾತ್ರ ಈ ದಾರಿ.

ಹೋಗುವುದು ಒಂದು ದಾರಿ, ಬರುವುದು ಇನ್ನೊಂದು

ಹೆಚ್ಚಿನವರು ಹೋಗಿದ್ದ ದಾರಿಯಲ್ಲೇ ವಾಪಸ್ ಬರುತ್ತಾರೆ. ಅದು ಕಡ್ಡಾಯವೇನಲ್ಲ. ಉದ್ದದ ತುಂಡು ಮೊದಲು ಮುಗಿಯಲಿ ಅನ್ನುವ ಲೆಕ್ಕವನ್ನು ವಾಪಸ್ ಪ್ರಯಾಣಕ್ಕೆ ಹಾಕಿ ನೋಡಿ. ಸಿಡ್ನಿಯಿಂದ ಸಿಂಗಾಪುರ ಎಂಟು ಗಂಟೆ, ಆಮೇಲೆ ಲಂಡನ್‌ಗೆ ಎದುರುಗಾಳಿಯಲ್ಲಿ ಹದಿನಾಲ್ಕು. ಉದ್ದದ್ದು ಕೊನೆಗೆ ಬಂತು. ಅದೇ ಸಿಡ್ನಿಯಿಂದ ದುಬೈ ಮೂಲಕ ಬಂದರೆ ಹದಿನಾಲ್ಕೂವರೆ ಮೊದಲು, ಕೊನೆಗೆ ಏಳೂವರೆ. ಅಂದರೆ ಹೋಗುವಾಗ ಸಿಂಗಾಪುರ, ಬರುವಾಗ ದುಬೈ. ನಾನು ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ.

ಹೀಗೆ ಮಾಡಲು ಎರಡು ಬೇರೆ ಟಿಕೆಟ್ ಬೇಕಿಲ್ಲ. ಕ್ವಾಂಟಸ್ ಮತ್ತು ಎಮಿರೇಟ್ಸ್ 2013ರಿಂದ ಪಾಲುದಾರರು. ಹೋಗುವಾಗ ಕ್ವಾಂಟಸ್‌ನ ಸಿಂಗಾಪುರ ವಿಮಾನ, ಬರುವಾಗ ಎಮಿರೇಟ್ಸ್‌ನ ದುಬೈ ವಿಮಾನ ಅಂತ ಒಂದೇ ಟಿಕೆಟ್‌ನಲ್ಲಿ ಸೇರಿಸಬಹುದು. ಬುಕಿಂಗ್ ಮಾಡುವಾಗ ಹೋಗುವ ಪಟ್ಟಿ, ಬರುವ ಪಟ್ಟಿ ಎರಡನ್ನೂ ಬೇರೆ ಬೇರೆಯಾಗಿ ನೋಡಿ. ಸೈಟು ತಾನೇ ಮುಂದಿಡುವ ಜೋಡಿಯನ್ನು ಕಣ್ಣು ಮುಚ್ಚಿ ಒತ್ತಬೇಡಿ.

ನಾನ್‌ಸ್ಟಾಪ್ ಬರುವವರೆಗೆ ಕಾಯುವುದಾ?

1947ರ ಡಿಸೆಂಬರ್ 1ರಂದು ಕ್ವಾಂಟಸ್ ಸಿಡ್ನಿಯಿಂದ ಲಂಡನ್‌ಗೆ ಕಾನ್‌ಸ್ಟಲೇಷನ್ ವಿಮಾನ ಶುರು ಮಾಡಿದಾಗ ಡಾರ್ವಿನ್, ಸಿಂಗಾಪುರ, ಕಲ್ಕತ್ತಾ, ಕರಾಚಿ, ಕೈರೋ, ಟ್ರಿಪೊಲಿಗಳಲ್ಲಿ ಇಳಿದು ತಲುಪಲು ನಾಲ್ಕು ದಿನ ಹಿಡಿಯುತ್ತಿತ್ತು. ಪ್ರಯಾಣಿಕರು 29, ಸಿಬ್ಬಂದಿ 11. ಆರು ಸಲ ಇಳಿಯುತ್ತಿದ್ದದ್ದು ಒಂದಕ್ಕೆ ಬಂದಿದೆ, ಆ ಒಂದನ್ನು ತೆಗೆಯುವುದು ಮಾತ್ರ ದಶಕಗಳಿಂದ ಆಗಿಲ್ಲ. 1989ರ ಆಗಸ್ಟ್‌ನಲ್ಲಿ ಹೊಚ್ಚ ಹೊಸ 747-400 ಒಂದನ್ನು ಲಂಡನ್‌ನಿಂದ ಸಿಡ್ನಿಗೆ ನಿಲ್ಲಿಸದೆ ತಂದಿದ್ದರು, 20 ಗಂಟೆ 9 ನಿಮಿಷ. ಆದರೆ ಅದರಲ್ಲಿ ಟಿಕೆಟ್ ಕೊಂಡ ಪ್ರಯಾಣಿಕರು ಯಾರೂ ಇರಲಿಲ್ಲ, ಇಂಧನವೂ ವಿಶೇಷವಾದ ದಟ್ಟ ಇಂಧನ, ಒಂದು ಹನಿಯೂ ಪೋಲಾಗದಿರಲಿ ಅಂತ ವಿಮಾನವನ್ನು ರನ್‌ವೇವರೆಗೆ ಎಳೆದುಕೊಂಡು ಹೋಗಿ ಬಿಟ್ಟಿದ್ದರು. ವಿಮಾನ ಹಾರುವುದು ಕಷ್ಟವಲ್ಲ. ಜನ, ಲಗೇಜು, ಊಟ ಎಲ್ಲ ಹೊತ್ತು ಹಾರುವುದು ಕಷ್ಟ. ಇಷ್ಟು ದೂರಕ್ಕೆ ಬೇಕಾದ ಇಂಧನದ ದೊಡ್ಡ ಭಾಗ ಆ ಇಂಧನವನ್ನೇ ಹೊರಲು ಖರ್ಚಾಗುತ್ತದೆ.

ಈಗ ಕ್ವಾಂಟಸ್ ಇದಕ್ಕಾಗಿಯೇ ಏರ್‌ಬಸ್ ಎ350-1000 ವಿಮಾನಗಳನ್ನು ಮಾಡಿಸುತ್ತಿದೆ. ಹಿಂಬದಿಯಲ್ಲಿ 20,000 ಲೀಟರ್‌ನ ಹೆಚ್ಚುವರಿ ಟ್ಯಾಂಕು, ಸೀಟು 238 ಮಾತ್ರ, ಪ್ರೀಮಿಯಂ ಎಕಾನಮಿ ಮತ್ತು ಎಕಾನಮಿ ನಡುವೆ ನಿಂತು ಮೈ ಸಡಿಲ ಮಾಡಿಕೊಳ್ಳಲು ಒಂದು ಖಾಲಿ ಜಾಗ. ಪ್ರಯಾಣಿಕರ ಹಾರಾಟ 2027ರ ಮೊದಲ ಅರ್ಧದಲ್ಲಿ ಅಂತ ಕಂಪನಿ ಹೇಳಿದೆ. ಒಂದು ಸಲ ಇಳಿಯುವ ದಾರಿಗಿಂತ ನಾಲ್ಕು ಗಂಟೆಯವರೆಗೆ ಉಳಿಯುತ್ತದಂತೆ. ಇದಕ್ಕಾಗಿ ಪ್ರಯಾಣ ಮುಂದೂಡಬೇಕಾ? ಕೆಲಸದ ಮೇಲೆ ಆಗಾಗ ಹೋಗುವವರು, ಮಲಗಿ ಹೋಗುವ ಸೀಟು ಕೊಳ್ಳುವವರು ಕಾಯಬಹುದು. ಎಕಾನಮಿಯಲ್ಲಿ ಇಪ್ಪತ್ತು ಗಂಟೆ ಒಂದೇ ಕಡೆ ಕೂರುವುದಕ್ಕಿಂತ ಸಿಂಗಾಪುರದಲ್ಲಿ ಇಳಿದು ನಡೆದಾಡುವ ಎರಡು ಗಂಟೆಯೇ ನನಗೆ ಮೇಲು. ಈಗಿನ ಅತಿ ಉದ್ದದ ಹಾರಾಟ ಸಿಂಗಾಪುರದಿಂದ ನ್ಯೂಯಾರ್ಕ್‌ಗೆ, ಸುಮಾರು 15,300 ಕಿ.ಮೀ. ಆ ವಿಮಾನದಲ್ಲಿ ಎಕಾನಮಿ ಕ್ಲಾಸೇ ಇಟ್ಟಿಲ್ಲ ಅನ್ನುವುದನ್ನೂ ಗಮನಿಸಿ.

ಟಿಕೆಟ್ ಒತ್ತುವ ಮುಂಚೆ

ತಾರೀಖಿನ ಗೊಂದಲ ಬಹಳ ಜನರಿಗೆ ಆಗುತ್ತದೆ. ಲಂಡನ್ ಮತ್ತು ಸಿಡ್ನಿ ನಡುವಿನ ಗಡಿಯಾರದ ವ್ಯತ್ಯಾಸ ವರ್ಷವಿಡೀ ಒಂದೇ ಅಲ್ಲ. ಎರಡೂ ಕಡೆ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಆದರೆ ಲಂಡನ್ನಿನ ಬೇಸಿಗೆ ಸಿಡ್ನಿಯ ಚಳಿಗಾಲ. ಹಾಗಾಗಿ ಜುಲೈನಲ್ಲಿ 9 ಗಂಟೆ, ಡಿಸೆಂಬರ್‌ನಲ್ಲಿ 11 ಗಂಟೆ, ಅಕ್ಟೋಬರ್‌ನ ಕೆಲವು ವಾರ ಮತ್ತು ಮಾರ್ಚ್ ಕೊನೆಯಲ್ಲಿ 10. ಡಿಸೆಂಬರ್‌ನ ಒಂದು ಮಂಗಳವಾರ ರಾತ್ರಿ 9ಕ್ಕೆ ಹೀಥ್ರೂ ಬಿಟ್ಟು 23 ಗಂಟೆ ಪ್ರಯಾಣ ಮಾಡಿದರೆ ಸಿಡ್ನಿಯಲ್ಲಿ ಗುರುವಾರ ಬೆಳಿಗ್ಗೆ 7. ಬುಧವಾರ ಪೂರ್ತಿ ಆಕಾಶದಲ್ಲೇ ಕಳೆದಿರುತ್ತದೆ. ಹೋಟೆಲನ್ನು ಬುಧವಾರಕ್ಕೆ ಬುಕ್ ಮಾಡಿದರೆ ಒಂದು ರಾತ್ರಿಯ ದುಡ್ಡು ದಂಡ. ಇಲ್ಲ, ಇಳಿದ ಕೂಡಲೇ ಮಲಗಬೇಕು ಅಂದರೆ ಬುಧವಾರದಿಂದಲೇ ಬುಕ್ ಮಾಡಿ, ಬೆಳಿಗ್ಗೆ ಬರುತ್ತೇನೆ ಅಂತ ಹೋಟೆಲಿನವರಿಗೆ ತಿಳಿಸಿ.

ಅದೇ ರಾತ್ರಿ 9ರ ವಿಮಾನ ಜುಲೈನಲ್ಲಾದರೆ ಬೆಳಿಗ್ಗೆ 5ಕ್ಕೆ ತಲುಪುತ್ತದೆ. ಇಲ್ಲಿ ಇನ್ನೊಂದು ನಿಯಮ ಬರುತ್ತದೆ. ಸಿಡ್ನಿ ನಿಲ್ದಾಣದಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ, ಬೆರಳೆಣಿಕೆಯ ವಿನಾಯಿತಿ ಬಿಟ್ಟರೆ, ಜೆಟ್ ವಿಮಾನಗಳ ಓಡಾಟ ಇಲ್ಲ. ಅದಕ್ಕೆ 1995ರ ಕಾಯ್ದೆಯೇ ಇದೆ. ಸೀಸನ್ ಬದಲಾದಾಗ ಹೊರಡುವ ಸಮಯ ಹಿಂದೆ ಮುಂದೆ ಆಗುವುದಕ್ಕೆ ಇದೂ ಒಂದು ಕಾರಣ. ವಾಪಸ್ ಬರುವಾಗ ಇದು ಇನ್ನೂ ಮುಖ್ಯ. ಸಿಡ್ನಿಯಿಂದ ರಾತ್ರಿ ಹತ್ತರ ನಂತರ ಹೊರಡುವ ವಿಮಾನ ಸ್ವಲ್ಪ ತಡವಾಗಿ 11 ದಾಟಿತು ಅಂದರೆ ಬೆಳಿಗ್ಗೆವರೆಗೆ ಹಾರುವಂತಿಲ್ಲ, ಮುಂದಿನ ಕನೆಕ್ಷನ್ ಕೈತಪ್ಪಿತು ಅಂತಲೇ ಲೆಕ್ಕ. ಮಧ್ಯಾಹ್ನ, ಸಂಜೆ ಹೊರಡುವುದು ಸಿಕ್ಕರೆ ಅದನ್ನೇ ಹಿಡಿಯಿರಿ.

ಕೊನೆಯದಾಗಿ ದುಡ್ಡಿನ ವಿಷಯ. ಲಂಡನ್‌ನಿಂದ ದುಬೈಗೆ ಒಂದು ಟಿಕೆಟ್, ದುಬೈನಿಂದ ಸಿಡ್ನಿಗೆ ಬೇರೆ ಟಿಕೆಟ್ ಅಂತ ತೆಗೆದರೆ ಅಗ್ಗ ಆಗುವುದುಂಟು. ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಕೇಳುವವರಿಲ್ಲ, ಲಗೇಜನ್ನೂ ನಡುವೆ ಇಳಿಸಿಕೊಂಡು ಮತ್ತೆ ಕೊಡಬೇಕಾಗಬಹುದು, ಅದಕ್ಕೆ ಆ ದೇಶದ ಇಮಿಗ್ರೇಷನ್ ದಾಟಬೇಕು. ಒಂದೇ ಬುಕಿಂಗ್ ಆದರೆ ಬ್ರಿಟನ್ನಿನ ಕಾನೂನು ನಿಮ್ಮ ಬೆನ್ನಿಗಿರುತ್ತದೆ. ಬ್ರಿಟನ್‌ನಿಂದ ಹೊರಡುವ ಪ್ರಯಾಣದಲ್ಲಿ, ಕಂಪನಿ ಯಾವ ದೇಶದ್ದೇ ಆಗಿರಲಿ, ಕಂಪನಿಯ ಕಡೆಯ ಕಾರಣದಿಂದ ಕನೆಕ್ಷನ್ ತಪ್ಪಿ ಸಿಡ್ನಿಗೆ ನಾಲ್ಕು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದರೆ ತಲೆಗೆ 520 ಪೌಂಡ್ ಪರಿಹಾರ ಕೇಳಬಹುದು. ಹವಾಮಾನ, ವಾಯುಪ್ರದೇಶ ಮುಚ್ಚಿದ್ದು ಇಂಥ ಕಾರಣಕ್ಕೆ ಸಿಗುವುದಿಲ್ಲ, ಆದರೂ ಊಟ ಮತ್ತು ಉಳಿದುಕೊಳ್ಳುವ ವ್ಯವಸ್ಥೆಯನ್ನು ಅವರೇ ಮಾಡಬೇಕು. ಸಿಡ್ನಿಯಿಂದ ಲಂಡನ್‌ಗೆ ಬರುವಾಗ ಈ ರಕ್ಷಣೆ ಬ್ರಿಟನ್ ಅಥವಾ ಯುರೋಪಿಯನ್ ಒಕ್ಕೂಟದ ಕಂಪನಿಯ ವಿಮಾನಕ್ಕೆ ಮಾತ್ರ. ಉಳಿದವುಗಳಲ್ಲಿ ಬರುವುದಾದರೆ ಕನೆಕ್ಷನ್‌ಗೆ ಎರಡು ಗಂಟೆಯ ಬದಲು ಮೂರು ಗಂಟೆ ಇಟ್ಟುಕೊಳ್ಳಿ, ಬೋರ್ಡಿಂಗ್ ಪಾಸು ಮತ್ತು ಲಗೇಜಿನ ಚೀಟಿಯನ್ನು ಮನೆ ಸೇರುವವರೆಗೆ ಎಸೆಯಬೇಡಿ.